ಅಂತರಜಾಲದ ವಿಳಾಸ: ತೋಟದ ಯಂತ್ರಗಳು ಅದನ್ನು ಬಳಸುವ ಬಗೆ

ನೀರಾವರಿ, ಕಾವಲು ಮತ್ತು ಹವಾಮಾನದ ಮಾಹಿತಿಗಾಗಿ ಅಂತರಜಾಲಕ್ಕೆ ಜೋಡಿಸಿದ ಯಂತ್ರಗಳನ್ನು ತೋಟಗಳಲ್ಲಿ ಅಳವಡಿಸುವುದು ಇತ್ತೀಚಿನ ವರ್ಷಗಳಲ್ಲಿ ಹೆಚ್ಚುತ್ತಿದೆ. ಹನಿ ನೀರಾವರಿಯ ವಾಲ್ವುಗಳನ್ನು ತೆರೆದು ಮುಚ್ಚುವ ಕಂಟ್ರೋಲರ್, ಮಣ್ಣಿನ ತೇವಾಂಶವನ್ನು ಅಳೆಯುವ ಸೆನ್ಸರ್, ಪಂಪ್‌ಮನೆಯ ಕ್ಯಾಮೆರಾ, ಮಳೆ ಮತ್ತು ಗಾಳಿಯನ್ನು ದಾಖಲಿಸುವ ಸಣ್ಣ ಹವಾಮಾನ ಕೇಂದ್ರ, ಇವುಗಳನ್ನು ರೈತರು ಮನೆಯಲ್ಲಿ ಕುಳಿತೇ ಮೊಬೈಲಿನಿಂದ ನೋಡಬಹುದು ಮತ್ತು ನಡೆಸಬಹುದು. ರಾತ್ರಿ ವೇಳೆ ಮೂರು ಫೇಸ್ ವಿದ್ಯುತ್ ಬರುವ ಕಡೆಗಳಲ್ಲಿ ಇದರಿಂದ ಆಗುವ ಅನುಕೂಲವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಇಂತಹ ಯಂತ್ರಗಳ ಬಗ್ಗೆ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ಅಳವಡಿಸಿದ ದಿನ ಚೆನ್ನಾಗಿ ಕಾಣಿಸುತ್ತಿದ್ದ ಕ್ಯಾಮೆರಾ, ವಿದ್ಯುತ್ ಹೋಗಿ ಬಂದ ಮೇಲೆ ಕಾಣಿಸುವುದಿಲ್ಲ. ಪಂಪ್‌ಮನೆಯ ಬಳಿ ನಿಂತಾಗ ಮಾತು ಕೇಳುವ ಕಂಟ್ರೋಲರ್, ಮನೆಗೆ ಬಂದ ಕೂಡಲೆ ಕೇಳುವುದಿಲ್ಲ. ಯಂತ್ರ ಕೆಟ್ಟಿದೆ ಎಂದು ತಿಳಿದು ರಿಪೇರಿಗೆ ಅಥವಾ ಹೊಸ ಯಂತ್ರಕ್ಕೆ ಹಣ ಖರ್ಚು ಮಾಡುವವರೂ ಉಂಟು. ಎಷ್ಟೋ ಸಲ ಯಂತ್ರ ಸರಿಯಾಗಿಯೇ ಇರುತ್ತದೆ, ಬದಲಾಗಿರುವುದು ಅದರ ಅಂತರಜಾಲದ ವಿಳಾಸ. ಈ ವಿಳಾಸ ಎಂದರೇನು, ಅದನ್ನು ಯಾರು ಕೊಡುತ್ತಾರೆ, ಯಂತ್ರಗಳು ಅದನ್ನು ಹೇಗೆ ಬಳಸುತ್ತವೆ ಎಂಬುದನ್ನು ತಿಳಿದಿದ್ದರೆ ಯಂತ್ರ ಕೊಳ್ಳುವಾಗಲೂ ಅದನ್ನು ನಡೆಸುವಾಗಲೂ ಆಗುವ ನಷ್ಟವನ್ನು ತಪ್ಪಿಸಬಹುದು.

ಐ.ಪಿ. ಎಂದರೇನು?

‘ಐ.ಪಿ. ಸೆಟ್’ ಎಂಬ ಮಾತು ನಮ್ಮ ರೈತರಿಗೆ ಹಳೆಯದು. ವಿದ್ಯುತ್ ಕಂಪನಿಯ ಲೆಕ್ಕದಲ್ಲಿ ಅದು ನೀರಾವರಿ ಪಂಪ್‌ಸೆಟ್ಟು. ಅಂತರಜಾಲದ ಐ.ಪಿ.ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇಲ್ಲಿ ಐ.ಪಿ. ಎಂದರೆ ಇಂಟರ್‌ನೆಟ್ ಪ್ರೊಟೊಕಾಲ್. ಬೇರೆ ಬೇರೆ ಯಂತ್ರಗಳು ಪರಸ್ಪರ ಮಾಹಿತಿ ಕಳುಹಿಸುವಾಗ ತಪ್ಪದೆ ಪಾಲಿಸಬೇಕಾದ ನಿಯಮಾವಳಿಗೆ ಈ ಹೆಸರು. ಈ ನಿಯಮದಂತೆ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಇರಬೇಕು. ಅದೇ ಐ.ಪಿ. ವಿಳಾಸ.

ಇಂದಿಗೂ ಬಳಕೆಯಲ್ಲಿರುವ ಇದರ ನಾಲ್ಕನೆಯ ಆವೃತ್ತಿಯನ್ನು ಅಮೆರಿಕದಲ್ಲಿ 1981ರ ಸೆಪ್ಟೆಂಬರಿನಲ್ಲಿ ಪ್ರಕಟಿಸಲಾಯಿತು. ಅಲ್ಲಿನ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ ಆರ್ಪಾನೆಟ್ ಎಂಬ ಜಾಲವು 1983ರ ಜನವರಿ 1ರಿಂದ ಇದನ್ನು ಅಳವಡಿಸಿಕೊಂಡಿತು. ಇಂದಿನ ಅಂತರಜಾಲ ಬೆಳೆದು ಬಂದಿರುವುದು ಆ ಜಾಲದಿಂದಲೇ.

ವಿಳಾಸದ ರಚನೆ

ಒಂದು ಕ್ಯಾಮೆರಾದ ವಿಳಾಸ 192.168.1.20 ಎಂದು ಇಟ್ಟುಕೊಳ್ಳೋಣ. ಇದರಲ್ಲಿ ಚುಕ್ಕಿಗಳಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳಿವೆ. ಪ್ರತಿಯೊಂದು ಸಂಖ್ಯೆಯೂ 0ಯಿಂದ 255ರ ಒಳಗೇ ಇರಬೇಕು. ಈ ಮಿತಿಗೆ ಕಾರಣವುಂಟು. ಯಂತ್ರದೊಳಗೆ ಪ್ರತಿ ಸಂಖ್ಯೆಯನ್ನೂ ಎಂಟು ಸ್ವಿಚ್ಚುಗಳ ಒಂದು ಸಾಲಿನಂತೆ ಬರೆಯಲಾಗುತ್ತದೆ. ಪ್ರತಿ ಸ್ವಿಚ್ಚೂ ಹಾಕಿರಬಹುದು ಅಥವಾ ಆರಿರಬಹುದು. ಎಂಟು ಸ್ವಿಚ್ಚುಗಳನ್ನು 256 ರೀತಿಗಳಲ್ಲಿ ಮಾತ್ರ ಜೋಡಿಸಲು ಸಾಧ್ಯ. ಇಂತಹ ನಾಲ್ಕು ಸಾಲುಗಳಿಂದ, ಅಂದರೆ 32 ಸ್ವಿಚ್ಚುಗಳಿಂದ, ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296 ವಿಳಾಸಗಳು ಸಿಗುತ್ತವೆ.

ಈ ವಿಳಾಸದಲ್ಲಿ ಎರಡು ಭಾಗಗಳಿವೆ. ಜಮೀನಿನ ಪಹಣಿಯಲ್ಲಿ ಸರ್ವೆ ನಂಬರು ಮತ್ತು ಹಿಸ್ಸಾ ನಂಬರು ಇರುವುದನ್ನು ಇದಕ್ಕೆ ಹೋಲಿಸಬಹುದು. ಮೇಲಿನ ಉದಾಹರಣೆಯಲ್ಲಿ ಸಾಮಾನ್ಯವಾಗಿ 192.168.1 ಎಂಬುದು ಸರ್ವೆ ನಂಬರಿನಂತೆ ಇಡೀ ಜಾಲವನ್ನು ಸೂಚಿಸುತ್ತದೆ. ಕೊನೆಯ 20 ಎಂಬುದು ಹಿಸ್ಸಾ ನಂಬರಿನಂತೆ ಆ ಜಾಲದೊಳಗಿನ ಒಂದು ಯಂತ್ರವನ್ನು ಸೂಚಿಸುತ್ತದೆ. ಎರಡು ಭಾಗಗಳ ನಡುವಿನ ಗಡಿ ಎಲ್ಲಿದೆ ಎಂದು ತಿಳಿಸಲು ಯಂತ್ರದಲ್ಲಿ ಇನ್ನೊಂದು ಸಂಖ್ಯೆಯನ್ನೂ ನಮೂದಿಸಿರುತ್ತಾರೆ. ಮನೆ ಮತ್ತು ತೋಟದ ಜಾಲಗಳಲ್ಲಿ ಅದು ಹೆಚ್ಚಾಗಿ 255.255.255.0 ಆಗಿರುತ್ತದೆ. ಇದನ್ನು ಜಮೀನಿನ ಬಾಂದುಕಲ್ಲು ಎಂದು ತಿಳಿಯಬಹುದು. ಸೆಟ್ಟಿಂಗಿನಲ್ಲಿ ಕಾಣುವ ಈ ಸಂಖ್ಯೆಯನ್ನು ತಿಳಿಯದೆ ಬದಲಾಯಿಸಬಾರದು.

ಮಾಹಿತಿ ಪ್ರಯಾಣ ಮಾಡುವ ಕ್ರಮ

ಕ್ಯಾಮೆರಾದ ಚಿತ್ರವಾಗಲಿ ಸೆನ್ಸರಿನ ಅಂಕಿಯಾಗಲಿ ಒಂದೇ ತುಂಡಾಗಿ ಸಾಗುವುದಿಲ್ಲ. ಮಾಹಿತಿಯನ್ನು ಸಣ್ಣ ಪೊಟ್ಟಣಗಳಾಗಿ ಮಾಡಿ ಕಳುಹಿಸಲಾಗುತ್ತದೆ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 1500 ಬೈಟುಗಳವರೆಗೆ ಮಾಹಿತಿ ಹಿಡಿಯುತ್ತದೆ. ಪ್ರತಿ ಪೊಟ್ಟಣದ ಮೇಲೂ ಕಳುಹಿಸಿದ ಯಂತ್ರದ ವಿಳಾಸ, ತಲುಪಬೇಕಾದ ಯಂತ್ರದ ವಿಳಾಸ ಎರಡೂ ಇರುತ್ತವೆ.

ಪೊಟ್ಟಣಗಳನ್ನು ಮುಂದಕ್ಕೆ ಸಾಗಿಸುವ ಯಂತ್ರವೇ ರೂಟರ್. ಶಿರಸಿಯಲ್ಲಿ ಹಾಕಿದ ಕಾಗದವನ್ನು ವಿಂಗಡಿಸುವವರು ಕೊಪ್ಪಳದ ಪ್ರತಿ ಬೀದಿಯನ್ನೂ ತಿಳಿದಿರಬೇಕಾಗಿಲ್ಲ. ಅದನ್ನು ಯಾವ ಚೀಲಕ್ಕೆ ಹಾಕಬೇಕು ಎಂಬುದಷ್ಟೇ ಅವರಿಗೆ ಗೊತ್ತಿದ್ದರೆ ಸಾಕು. ರೂಟರ್ ಕೂಡ ಹಾಗೆಯೇ ವಿಳಾಸದ ಮುಂಭಾಗವನ್ನು ನೋಡಿ ಪೊಟ್ಟಣವನ್ನು ಮುಂದಿನ ರೂಟರಿಗೆ ದಾಟಿಸುತ್ತದೆ. ದಾರಿ ತಪ್ಪಿದ ಪೊಟ್ಟಣ ಎಂದೆಂದಿಗೂ ಸುತ್ತುತ್ತಿರಬಾರದೆಂದು ಪ್ರತಿ ಪೊಟ್ಟಣದ ಮೇಲೆ ಒಂದು ಎಣಿಕೆಯನ್ನೂ ಬರೆದಿರುತ್ತದೆ. ಪ್ರತಿ ರೂಟರ್ ಅದರಿಂದ ಒಂದನ್ನು ಕಳೆಯುತ್ತದೆ. ಎಣಿಕೆ ಸೊನ್ನೆಯಾದರೆ ಪೊಟ್ಟಣವನ್ನು ಬಿಸಾಡಲಾಗುತ್ತದೆ.

ತೋಟದ ಎಲ್ಲ ಸಲಕರಣೆಗಳಿಗೂ ಐ.ಪಿ. ವಿಳಾಸ ಇದ್ದೇ ಇರುತ್ತದೆ ಎಂದು ತಿಳಿಯಬಾರದು. ಸಣ್ಣ ಬ್ಯಾಟರಿಯಿಂದ ನಡೆಯುವ ತೇವಾಂಶದ ಸೆನ್ಸರುಗಳಲ್ಲಿ ಹಲವು ತಮ್ಮ ಅಂಕಿಯನ್ನು ರೇಡಿಯೋ ಮೂಲಕ ಪಂಪ್‌ಮನೆಯ ಒಂದು ಪೆಟ್ಟಿಗೆಗೆ ತಿಳಿಸುತ್ತವೆ. ಗೇಟ್‌ವೇ ಎಂದು ಕರೆಯುವ ಆ ಪೆಟ್ಟಿಗೆಗೆ ಮಾತ್ರ ವಿಳಾಸವಿರುತ್ತದೆ. ಅದು ನಿಂತರೆ ಅದಕ್ಕೆ ಸೇರಿದ ಎಲ್ಲ ಸೆನ್ಸರುಗಳ ಮಾಹಿತಿಯೂ ನಿಲ್ಲುತ್ತದೆ.

ವಿಳಾಸ ಯಂತ್ರದ ಸ್ವಂತದ್ದಲ್ಲ

ಪಂಪ್‌ಸೆಟ್ಟಿನ ಆರ್.ಆರ್. ನಂಬರು ಆ ಸಂಪರ್ಕ ಇರುವವರೆಗೆ ಬದಲಾಗುವುದಿಲ್ಲ. ಮೊಬೈಲ್ ನಂಬರೂ ಹಾಗೆಯೇ. ಐ.ಪಿ. ವಿಳಾಸದ ಕ್ರಮ ಬೇರೆ. ಅದು ಯಂತ್ರಕ್ಕೆ ಗುತ್ತಿಗೆಯ ಮೇಲೆ ದೊರೆಯುವ ಸಂಖ್ಯೆ. ಈ ಒಂದು ಅಂಶವನ್ನು ಮನದಟ್ಟು ಮಾಡಿಕೊಂಡರೆ ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ತಾವಾಗಿಯೇ ಅರ್ಥವಾಗುತ್ತವೆ.

ಪಂಪ್‌ಮನೆಯಲ್ಲಿ ವಿದ್ಯುತ್ ಬಂದು ಕ್ಯಾಮೆರಾ ಚಾಲೂ ಆದಾಗ ಅದಕ್ಕೆ ಯಾವ ವಿಳಾಸವೂ ಇರುವುದಿಲ್ಲ. ‘ವಿಳಾಸ ಕೊಡುವವರು ಯಾರಾದರೂ ಇದ್ದೀರಾ?’ ಎಂದು ಅದು ಜಾಲದಲ್ಲೆಲ್ಲ ಕೇಳುತ್ತದೆ. ರೂಟರ್ ತನ್ನ ಬಳಿ ಖಾಲಿ ಇರುವ ಒಂದು ಸಂಖ್ಯೆಯನ್ನು ನಿರ್ದಿಷ್ಟ ಅವಧಿಗೆ ಕೊಡುತ್ತದೆ. ಹಲವು ರೂಟರುಗಳಲ್ಲಿ ಈ ಅವಧಿ ಒಂದು ದಿನ. ಅರ್ಧ ಅವಧಿ ಕಳೆದಾಗ ಕ್ಯಾಮೆರಾ ಗುತ್ತಿಗೆಯ ನವೀಕರಣ ಕೇಳುತ್ತದೆ. ಎಲ್ಲವೂ ಚಾಲೂ ಇರುವಷ್ಟು ಕಾಲ ಅದೇ ಸಂಖ್ಯೆ ಮುಂದುವರಿಯುತ್ತದೆ. ವಿದ್ಯುತ್ ಹೋಗಿ, ರೂಟರ್ ಹಳೆಯ ಲೆಕ್ಕವನ್ನು ಮರೆತು, ಎಲ್ಲ ಯಂತ್ರಗಳೂ ಹೊಸದಾಗಿ ಕೇಳಿದಾಗ 20 ಇದ್ದ ಕ್ಯಾಮೆರಾಕ್ಕೆ 23 ಸಿಗಬಹುದು, 20 ಹನಿ ನೀರಾವರಿ ಕಂಟ್ರೋಲರಿನ ಪಾಲಾಗಬಹುದು. ಮೊಬೈಲು ಮಾತ್ರ ಇನ್ನೂ 20ರಲ್ಲಿ ಕ್ಯಾಮೆರಾವನ್ನು ಹುಡುಕುತ್ತಿರುತ್ತದೆ.

ಇದಕ್ಕೆ ಪರಿಹಾರ ಸುಲಭ. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಕೊಟ್ಟ ಮ್ಯಾಕ್ ಸಂಖ್ಯೆ ಎಂಬ 12 ಅಂಕಿ-ಅಕ್ಷರಗಳ ಗುರುತು ಇರುತ್ತದೆ. ಇದನ್ನು ಸಾಮಾನ್ಯವಾಗಿ ಯಂತ್ರದ ಕೆಳಗೆ ಅಂಟಿಸಿದ ಚೀಟಿಯಲ್ಲಿ ಕಾಣಬಹುದು. ‘ಈ ಮ್ಯಾಕ್ ಸಂಖ್ಯೆಯ ಯಂತ್ರಕ್ಕೆ ಯಾವಾಗಲೂ 20ನ್ನೇ ಕೊಡು’ ಎಂದು ರೂಟರಿನಲ್ಲಿ ಒಮ್ಮೆ ನಮೂದಿಸಿದರೆ ವಿಳಾಸ ಕಾಯಂ ಆಗುತ್ತದೆ. ಬಹುತೇಕ ರೂಟರುಗಳಲ್ಲಿ ಈ ಸೌಲಭ್ಯವಿದೆ. ಅಳವಡಿಸಲು ಬಂದವರಿಂದಲೇ ಇದನ್ನು ಮಾಡಿಸಿಕೊಳ್ಳಬೇಕು.

ಒಳ ವಿಳಾಸ ಮತ್ತು ಹೊರ ವಿಳಾಸ

1981ರಲ್ಲಿ 429 ಕೋಟಿ ವಿಳಾಸಗಳು ಬೇಕಾದಷ್ಟಾದವು ಎಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆಗ ಪ್ರಪಂಚದ ಜನಸಂಖ್ಯೆಯೇ ಸುಮಾರು 450 ಕೋಟಿ, ಕಂಪ್ಯೂಟರುಗಳಂತೂ ಬಹಳ ಕಡಿಮೆ. ಮುಂದೆ ಮನೆಮನೆಗೂ ಕೈಕೈಗೂ ಯಂತ್ರಗಳು ಬಂದವು. ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿ 3ರಂದು ಮುಗಿಯಿತು. ಉಳಿದಿದ್ದ ಕೊನೆಯ ಐದು ಭಾಗಗಳನ್ನು ಅಂದು ಪ್ರಪಂಚದ ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಲಾಯಿತು. ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶಕ್ಕೆ ವಿಳಾಸ ಹಂಚುವ ಏಪ್ನಿಕ್ ಸಂಸ್ಥೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿದೆ. ಭಾರತದಲ್ಲಿ ಈ ಕೆಲಸವನ್ನು ಐರಿನ್ ಎಂಬ ಸಂಸ್ಥೆ ನಿರ್ವಹಿಸುತ್ತದೆ.

ಕೊರತೆಯನ್ನು ನಿಭಾಯಿಸಲು ಕಂಡುಕೊಂಡ ಉಪಾಯವೇ ಒಳ ವಿಳಾಸ. 192.168 ಎಂದು ಪ್ರಾರಂಭವಾಗುವ ಸಂಖ್ಯೆಗಳು, 10 ಎಂದು ಪ್ರಾರಂಭವಾಗುವ ಸಂಖ್ಯೆಗಳು ಮತ್ತು 172.16ರಿಂದ 172.31ರವರೆಗಿನ ಸಂಖ್ಯೆಗಳನ್ನು ಯಾರು ಬೇಕಾದರೂ ತಮ್ಮ ಮನೆ, ಕಚೇರಿ, ತೋಟದ ಒಳಗೆ ಬಳಸಬಹುದೆಂದು ಬಿಡಲಾಗಿದೆ. 1996ರ ಫೆಬ್ರವರಿಯಿಂದ ಈ ಏರ್ಪಾಡು ಇಂದಿನ ರೂಪದಲ್ಲಿದೆ. ಸರ್ವೆ ನಂಬರು 45 ಎಂಬುದು ಎಷ್ಟೋ ಗ್ರಾಮಗಳಲ್ಲಿ ಇರುತ್ತದೆ. ಗ್ರಾಮ, ಹೋಬಳಿ, ತಾಲ್ಲೂಕು ಹೇಳದಿದ್ದರೆ ಅದು ಯಾರ ಜಮೀನೆಂದು ತಿಳಿಯದು. ಹಾಗೆಯೇ 192.168.1.20 ಎಂಬ ವಿಳಾಸ ಲಕ್ಷಾಂತರ ಜಾಲಗಳಲ್ಲಿ ಏಕಕಾಲಕ್ಕೆ ಬಳಕೆಯಲ್ಲಿದೆ. ಆ ಜಾಲದ ಹೊರಗೆ ಅದಕ್ಕೆ ಬೆಲೆಯಿಲ್ಲ. ತೋಟದಲ್ಲಿ ಕೆಲಸ ಮಾಡಿದ ಸಂಖ್ಯೆ ಮನೆಯಲ್ಲಿ ಕೆಲಸ ಮಾಡದಿರುವುದಕ್ಕೆ ಇದೇ ಕಾರಣ.

ಒಳಗಿನ ಯಂತ್ರಗಳು ಹೊರಗಿನ ಪ್ರಪಂಚದೊಡನೆ ವ್ಯವಹರಿಸುವಾಗ ರೂಟರ್ ತನ್ನ ಒಂದೇ ಹೊರ ವಿಳಾಸವನ್ನು ಎಲ್ಲರ ಪರವಾಗಿ ಬಳಸುತ್ತದೆ. ಸಹಕಾರ ಸಂಘದ ಕಾರ್ಯದರ್ಶಿ ಸದಸ್ಯರ ಪರವಾಗಿ ಸಂಘದ ವಿಳಾಸದಿಂದಲೇ ಕಾಗದ ಬರೆದು, ಯಾರ ಕಾಗದಕ್ಕೆ ಯಾವ ಉತ್ತರ ಬರಬೇಕೆಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವಂತೆ ಇದು ನಡೆಯುತ್ತದೆ. ಉತ್ತರ ಬಂದಾಗ ಪುಸ್ತಕ ನೋಡಿ ಸಂಬಂಧಪಟ್ಟವರಿಗೆ ಮುಟ್ಟಿಸಲಾಗುತ್ತದೆ. ಆದರೆ ಒಳಗಿನಿಂದ ಯಾರೂ ಬರೆಯದೆ ಹೊರಗಿನಿಂದ ತಾನಾಗಿ ಒಂದು ಕಾಗದ ಬಂದರೆ ಪುಸ್ತಕದಲ್ಲಿ ಅದಕ್ಕೆ ದಾಖಲೆ ಇರುವುದಿಲ್ಲ, ರೂಟರ್ ಅದನ್ನು ಬಿಸಾಡುತ್ತದೆ. ಆದುದರಿಂದ ತೋಟದ ಕ್ಯಾಮೆರಾ ಹೊರಗಿನ ಯಂತ್ರವನ್ನು ಕರೆಯಬಲ್ಲದು, ಹೊರಗಿನ ಮೊಬೈಲು ಮಾತ್ರ ಕ್ಯಾಮೆರಾವನ್ನು ನೇರವಾಗಿ ಕರೆಯಲಾರದು.

ಸಿಮ್ ಹಾಕಿದ ರೂಟರಿನಲ್ಲಿ ಆಗುವುದೇನು?

ತಂತಿಯ ಸಂಪರ್ಕವಿಲ್ಲದ ತೋಟಗಳಲ್ಲಿ ಸಿಮ್ ಹಾಕಿದ ರೂಟರನ್ನು ಬಳಸುವುದು ರೂಢಿ. ಇಲ್ಲಿ ಇನ್ನೊಂದು ಹಂತ ಸೇರಿಕೊಳ್ಳುತ್ತದೆ. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಹಲವಾರು ಗ್ರಾಹಕರನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸುತ್ತವೆ. ರೂಟರಿಗೆ ಸಿಗುವ ಸಂಖ್ಯೆಯೂ ಕಂಪನಿಯ ಒಳ ವಿಳಾಸವೇ ಆಗಿರುತ್ತದೆ. ಅದು 10ರಿಂದ ಅಥವಾ 100.64ರಿಂದ 100.127ರ ನಡುವಿನ ಸಂಖ್ಯೆಯಿಂದ ಪ್ರಾರಂಭವಾಗಿದ್ದರೆ ಹೊರಗಿನಿಂದ ನೇರವಾಗಿ ತಲುಪುವ ದಾರಿ ಇಲ್ಲವೆಂದೇ ತಿಳಿಯಬೇಕು. ರೂಟರಿನ ಸೆಟ್ಟಿಂಗನ್ನು ಎಷ್ಟು ತಿದ್ದಿದರೂ ಇದು ಸರಿಹೋಗದು.

ಇದನ್ನು ದಾಟಲು ಈಗ ಬಳಕೆಯಲ್ಲಿರುವ ವಿಧಾನಗಳು ಮೂರು.

ಮೊದಲನೆಯದು, ಯಂತ್ರ ತಯಾರಿಸಿದ ಕಂಪನಿಯ ಕಂಪ್ಯೂಟರ್ ಮಧ್ಯವರ್ತಿಯಾಗುವುದು. ತೋಟದ ಯಂತ್ರ ತಾನೇ ಆ ಕಂಪ್ಯೂಟರನ್ನು ಕರೆದು ಸಂಪರ್ಕವನ್ನು ತೆರೆದಿಟ್ಟುಕೊಳ್ಳುತ್ತದೆ. ರೈತರ ಮೊಬೈಲೂ ಅದನ್ನೇ ಕರೆಯುತ್ತದೆ. ಇಬ್ಬರ ಮಾತನ್ನೂ ಅದು ದಾಟಿಸುತ್ತದೆ. ಮೊಬೈಲ್ ಆ್ಯಪ್ ಮೂಲಕ ನಡೆಯುವ ಹೆಚ್ಚಿನ ಯಂತ್ರಗಳ ಕ್ರಮ ಇದೇ. ವಿಳಾಸ ಬದಲಾದರೂ ತೊಂದರೆಯಿಲ್ಲ ಎಂಬುದು ಇದರ ಗುಣ. ಆ ಕಂಪನಿ ಸೇವೆಯನ್ನು ನಿಲ್ಲಿಸಿದರೆ ಅಥವಾ ವಾರ್ಷಿಕ ಶುಲ್ಕ ಕೇಳಿದರೆ ಒಳ್ಳೆಯ ಯಂತ್ರವೂ ಕೈಗೆ ಸಿಗದಂತಾಗುವುದು ಇದರ ದೋಷ.

ಎರಡನೆಯದು, ಹಣ ಕೊಟ್ಟು ಕಾಯಂ ಹೊರ ವಿಳಾಸವನ್ನು ಪಡೆಯುವುದು. ತಂತಿಯ ಸಂಪರ್ಕ ಕೊಡುವ ಕೆಲವು ಕಂಪನಿಗಳು ಇದನ್ನು ಒದಗಿಸುತ್ತವೆ. ದೊಡ್ಡ ಹಸಿರುಮನೆ, ಶೀತಲಗೃಹ, ರೈತ ಉತ್ಪಾದಕರ ಕಂಪನಿಗಳಿಗೆ ಇದು ಸೂಕ್ತ. ಸಣ್ಣ ತೋಟಕ್ಕೆ ಅವಶ್ಯವಿಲ್ಲ.

ಮೂರನೆಯದು, ಅಂತರಜಾಲವನ್ನೇ ಬಿಟ್ಟು ಫೋನ್ ಕರೆ ಅಥವಾ ಎಸ್.ಎಂ.ಎಸ್. ಬಳಸುವುದು. ನಮ್ಮಲ್ಲಿ ಬಹಳ ಕಾಲದಿಂದ ರೂಢಿಯಲ್ಲಿರುವ ಮೊಬೈಲ್ ಸ್ಟಾರ್ಟರುಗಳಲ್ಲಿ ಹಲವು ಈ ಬಗೆಯವು. ಇವುಗಳ ವಿಳಾಸ ಸಿಮ್ಮಿನ ಫೋನ್ ನಂಬರು. ಅದು ಬದಲಾಗುವುದಿಲ್ಲವಾದ್ದರಿಂದ ಎಲ್ಲಿಂದ ಬೇಕಾದರೂ ಪಂಪನ್ನು ಚಾಲೂ ಮಾಡಬಹುದು, ನಿಲ್ಲಿಸಬಹುದು. ಚಿತ್ರ ಕಳುಹಿಸಲು ಮತ್ತು ಹೆಚ್ಚು ಅಂಕಿಗಳನ್ನು ದಾಖಲಿಸಲು ಮಾತ್ರ ಇವು ಸಾಲವು. ಪಂಪ್ ನಿಲ್ಲಿಸುವಂತಹ ಮುಖ್ಯ ಕೆಲಸಕ್ಕೆ ಈ ಹಳೆಯ ಮಾರ್ಗವೂ ಇರುವ ಯಂತ್ರವನ್ನು ಆರಿಸುವುದು ಒಳ್ಳೆಯದು.

ಆರನೆಯ ಆವೃತ್ತಿಯ ವಿಳಾಸ

ಕೊರತೆಗೆ ಶಾಶ್ವತ ಪರಿಹಾರವಾಗಿ ಐ.ಪಿ.ಯ ಆರನೆಯ ಆವೃತ್ತಿಯನ್ನು 1998ರ ಡಿಸೆಂಬರಿನಲ್ಲಿ ಪ್ರಕಟಿಸಲಾಯಿತು. 2012ರ ಜೂನ್ 6ರಿಂದ ಪ್ರಪಂಚದ ದೊಡ್ಡ ಕಂಪನಿಗಳು ಇದನ್ನು ಕಾಯಂ ಆಗಿ ಬಳಕೆಗೆ ತಂದವು. ಇದರ ವಿಳಾಸದಲ್ಲಿ 32ರ ಬದಲು 128 ಸ್ವಿಚ್ಚುಗಳಿವೆ. 34ರ ಮುಂದೆ 37 ಸೊನ್ನೆಗಳನ್ನು ಬರೆದರೆ ಸಿಗುವ ಸಂಖ್ಯೆಯಷ್ಟು ವಿಳಾಸಗಳು ಇದರಲ್ಲಿ ದೊರೆಯುತ್ತವೆ. ಇವುಗಳನ್ನು ಅಂಕಿಗಳ ಜೊತೆಗೆ ಇಂಗ್ಲಿಷಿನ ಮೊದಲ ಆರು ಅಕ್ಷರಗಳನ್ನೂ ಸೇರಿಸಿ, ನಡುವೆ ಎರಡು ಚುಕ್ಕಿಗಳ ಚಿಹ್ನೆ ಹಾಕಿ ಬರೆಯುತ್ತಾರೆ. ಮೊಬೈಲಿನ ಸೆಟ್ಟಿಂಗಿನಲ್ಲಿ ಇಂತಹ ಉದ್ದನೆಯ ಸಾಲು ಕಂಡರೆ ಗಾಬರಿಯಾಗಬೇಕಾಗಿಲ್ಲ.

ಭಾರತದಲ್ಲಿ ಮೊಬೈಲ್ ಅಂತರಜಾಲ ಹರಡಿದ ಮೇಲೆ ಈ ಆವೃತ್ತಿಯ ಬಳಕೆ ವೇಗವಾಗಿ ಬೆಳೆದು, ಅದನ್ನು ಹೆಚ್ಚು ಬಳಸುವ ದೇಶಗಳ ಸಾಲಿಗೆ ನಮ್ಮ ದೇಶ ಸೇರಿದೆ. ಆದರೆ ಕಡಿಮೆ ಬೆಲೆಯ ಕ್ಯಾಮೆರಾ, ಕಂಟ್ರೋಲರುಗಳಲ್ಲಿ ಹಲವು ಇನ್ನೂ ನಾಲ್ಕನೆಯ ಆವೃತ್ತಿಯನ್ನು ಮಾತ್ರ ಬಲ್ಲವು. ಹೀಗಾಗಿ ಎರಡೂ ಆವೃತ್ತಿಗಳು ಇನ್ನೂ ಕೆಲವು ಕಾಲ ಜೊತೆಯಾಗಿಯೇ ನಡೆಯುತ್ತವೆ.

ವಿಳಾಸದಿಂದ ಊರು ತಿಳಿಯುವುದೇ?

ಅಂಚೆಯ ಪಿನ್ ಕೋಡ್ 1972ರಲ್ಲಿ ಜಾರಿಗೆ ಬಂದಾಗಿನಿಂದ ಆರು ಅಂಕಿ ನೋಡಿ ಊರಿನ ಅಂಚೆ ಕಚೇರಿಯನ್ನು ಹೇಳುವುದು ಸಾಧ್ಯವಾಗಿದೆ. ಐ.ಪಿ. ವಿಳಾಸಕ್ಕೆ ಅಂತಹ ಊರಿನ ಕಟ್ಟು ಇಲ್ಲ. ಅದನ್ನು ಪಡೆದಿರುವ ಕಂಪನಿ ಯಾವುದು ಎಂದು ತಿಳಿಯುತ್ತದೆ, ಬಳಸುವವರ ಊರು ಊಹೆಯಿಂದ ಮಾತ್ರ ತಿಳಿಯುತ್ತದೆ. ಹಾಸನದ ತೋಟದಲ್ಲಿರುವ ಮೊಬೈಲಿನ ಹೊರ ವಿಳಾಸ ಬೆಂಗಳೂರಿನದೆಂದು ತೋರಬಹುದು.

ಇದು ಬೇಸಾಯಕ್ಕೆ ನೇರವಾಗಿ ಸಂಬಂಧಿಸಿದ ವಿಷಯ. ಕೆಲವು ಹವಾಮಾನ ತಾಣಗಳು, ಬಳಸುವವರು ಊರನ್ನು ಆರಿಸದಿದ್ದರೆ, ಐ.ಪಿ. ವಿಳಾಸದಿಂದ ಊರನ್ನು ಊಹಿಸಿ ಮುನ್ಸೂಚನೆ ತೋರಿಸುತ್ತವೆ. ಬೆಂಗಳೂರಿನಲ್ಲಿ ಒಣಹವೆ ಎಂಬುದನ್ನು ನೋಡಿ ಮಲೆನಾಡಿನ ತೋಟದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಿದರೆ, ಅದು ಒಣಗುವ ಮೊದಲೇ ಮಳೆ ಬಂದು ಔಷಧವೂ ಆಳಿನ ಕೂಲಿಯೂ ನೀರುಪಾಲಾಗಬಹುದು. ಆದುದರಿಂದ ಮುನ್ಸೂಚನೆ ನೋಡುವ ಮೊದಲು ಮೇಲ್ಭಾಗದಲ್ಲಿ ಯಾವ ಊರಿನ ಹೆಸರಿದೆ ಎಂದು ಓದಿಕೊಳ್ಳಬೇಕು. ಭಾರತೀಯ ಹವಾಮಾನ ಇಲಾಖೆ ಮತ್ತಿತರ ಸಂಸ್ಥೆಗಳು 2019ರಲ್ಲಿ ಹೊರತಂದ ಮೇಘದೂತ್ ಆ್ಯಪಿನಂತೆ ಜಿಲ್ಲೆಯನ್ನು ರೈತರೇ ಆರಿಸುವ ಸಾಧನಗಳಲ್ಲಿ ಈ ತಪ್ಪಿಗೆ ಅವಕಾಶ ಕಡಿಮೆ.

ಹೆಸರು ಮತ್ತು ಸಂಖ್ಯೆ

ಇಷ್ಟೆಲ್ಲ ಸಂಖ್ಯೆಗಳನ್ನು ಜನರು ನೆನಪಿಡಲಾರರು. ಆದುದರಿಂದ ತಾಣಗಳಿಗೆ ಹೆಸರುಗಳಿವೆ. ಹೆಸರನ್ನು ಕೊಟ್ಟರೆ ಸಂಖ್ಯೆಯನ್ನು ಹುಡುಕಿಕೊಡುವ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ಅಮೆರಿಕದ ತಜ್ಞರು ರೂಪಿಸಿದರು. ಅದರ ಹೆಸರು ಡಿ.ಎನ್.ಎಸ್. ಮೊಬೈಲಿನಲ್ಲಿ ಪಹಣಿಯ ತಾಣದ ಹೆಸರನ್ನು ಒತ್ತಿದಾಗ, ಮೊಬೈಲು ಮೊದಲು ಡಿ.ಎನ್.ಎಸ್.ನಿಂದ ಅದರ ಸಂಖ್ಯೆಯನ್ನು ಕೇಳಿ ಪಡೆದು, ಆಮೇಲೆ ಆ ಸಂಖ್ಯೆಗೆ ಪೊಟ್ಟಣಗಳನ್ನು ಕಳುಹಿಸುತ್ತದೆ.

ಈ ಹೆಸರನ್ನು ಬಲದಿಂದ ಎಡಕ್ಕೆ ಓದುವುದನ್ನು ಕಲಿಯಬೇಕು. ಕರ್ನಾಟಕದ ಭೂದಾಖಲೆಗಳ ತಾಣದ ಹೆಸರು ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. ಕೊನೆಯ ‘ಇನ್’ ಭಾರತವನ್ನೂ, ಅದರ ಹಿಂದಿನ ‘ಗವ್’ ಸರಕಾರವನ್ನೂ, ಅದರ ಹಿಂದಿನದು ರಾಜ್ಯವನ್ನೂ, ಮೊದಲನೆಯದು ತಾಣವನ್ನೂ ತಿಳಿಸುತ್ತವೆ. ಕಾಗದದ ವಿಳಾಸದಲ್ಲಿ ಜಿಲ್ಲೆ, ರಾಜ್ಯ ಕೊನೆಗೆ ಬರುವಂತೆಯೇ ಇಲ್ಲಿಯೂ ದೊಡ್ಡದು ಕೊನೆಗೆ ಬರುತ್ತದೆ. ‘ಗವ್ ಡಾಟ್ ಇನ್’ ಎಂಬ ಕೊನೆಯನ್ನು ಸರಕಾರಿ ಸಂಸ್ಥೆಗಳಿಗೆ ಮಾತ್ರ ಕೊಡಲಾಗುತ್ತದೆ. ಬ್ಯಾಂಕುಗಳಿಗಾಗಿ ‘ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಯನ್ನು ಮೀಸಲಿಡುವುದಾಗಿ ರಿಸರ್ವ್ ಬ್ಯಾಂಕು 2025ರಲ್ಲಿ ಪ್ರಕಟಿಸಿತು.

ಮೋಸಗಾರರು ಹೆಸರಿನ ಎಡಭಾಗದಲ್ಲಿ ‘ಪಿ.ಎಂ. ಕಿಸಾನ್’ ಎಂದೋ ‘ಗವ್’ ಎಂದೋ ಸೇರಿಸಿ, ಕೊನೆಯಲ್ಲಿ ತಮ್ಮದೇ ಹೆಸರನ್ನು ಇಡುತ್ತಾರೆ. ಮೊದಲ ಒಂಟಿ ಓರೆಗೆರೆಯ ಹಿಂದೆ ಇರುವ ಕೊನೆಯ ಭಾಗ ‘ಗವ್ ಡಾಟ್ ಇನ್’ ಆಗಿರದಿದ್ದರೆ ಅದು ಸರಕಾರಿ ತಾಣವೆಂದು ನಂಬಿ ಆಧಾರ್ ಸಂಖ್ಯೆ, ಖಾತೆಯ ವಿವರ, ಓ.ಟಿ.ಪಿ. ಕೊಡಬಾರದು. ಯೋಜನೆಯ ಹೆಸರಿನಲ್ಲಿ ವಾಟ್ಸಪ್ಪಿಗೆ ಬರುವ ಎ.ಪಿ.ಕೆ. ಕಡತಗಳನ್ನು ತೆರೆಯಲೇಬಾರದು. ಅವು ಮೊಬೈಲಿನೊಳಗೆ ಸೇರಿ ಓ.ಟಿ.ಪಿ.ಯನ್ನು ಕದಿಯಬಲ್ಲವು. ಹಣ ಹೋಗಿದ್ದು ಗೊತ್ತಾದ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ತೆರೆದಿಟ್ಟ ವಿಳಾಸದ ಅಪಾಯ

ಹೊರಗಿನಿಂದ ನೇರವಾಗಿ ತಲುಪುವಂತೆ ಮಾಡಲು ಕೆಲವರು ರೂಟರಿನ ಪುಸ್ತಕದಲ್ಲಿ ಕಾಯಂ ದಾಖಲೆ ಮಾಡಿ ಕ್ಯಾಮೆರಾಕ್ಕೆ ಬಾಗಿಲು ತೆರೆದಿಡುತ್ತಾರೆ. ಆ ಬಾಗಿಲಿನಿಂದ ಮಾಲೀಕರಷ್ಟೇ ಬರುತ್ತಾರೆಂಬ ಖಾತ್ರಿಯಿಲ್ಲ. ನಾಲ್ಕನೆಯ ಆವೃತ್ತಿಯ ಎಲ್ಲ ವಿಳಾಸಗಳನ್ನೂ ಒಂದೊಂದಾಗಿ ತಟ್ಟಿ ನೋಡುವ ಯಂತ್ರಗಳು ಹಗಲಿರುಳು ಕೆಲಸ ಮಾಡುತ್ತಿರುತ್ತವೆ.

2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕ್ಯಾಮೆರಾ ಮತ್ತು ರೂಟರುಗಳ ವಿಳಾಸಗಳನ್ನು ಹೀಗೆಯೇ ತಟ್ಟಿ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳಲ್ಲಿ ಸುಮಾರು 60 ಜೋಡಿಗಳನ್ನು ಹಾಕಿ ನೋಡಿ, ಲಕ್ಷಾಂತರ ಯಂತ್ರಗಳನ್ನು ವಶಪಡಿಸಿಕೊಂಡಿತು. ಆ ವರ್ಷ ಅಕ್ಟೋಬರ್ 21ರಂದು ಅಂತಹ ಯಂತ್ರಗಳೆಲ್ಲ ಒಟ್ಟಾಗಿ ಅಮೆರಿಕದ ಒಂದು ಡಿ.ಎನ್.ಎಸ್. ಕಂಪನಿಯ ಮೇಲೆ ಪೊಟ್ಟಣಗಳ ಸುರಿಮಳೆಗರೆದವು. ಹೆಸರಾಂತ ಹಲವು ತಾಣಗಳು ಗಂಟೆಗಟ್ಟಲೆ ಜನರಿಗೆ ಸಿಗಲಿಲ್ಲ. ಕ್ಯಾಮೆರಾಗಳ ಮಾಲೀಕರಿಗೆ ಇದು ತಿಳಿದೇ ಇರಲಿಲ್ಲ. ವಾಲ್ವು ತೆರೆಯುವ ಕಂಟ್ರೋಲರ್ ಹೀಗೆ ಪರರ ಕೈಗೆ ಹೋದರೆ, ರಾತ್ರಿಯಿಡೀ ನೀರು ಹರಿದು ಗೊಬ್ಬರ ಬೇರಿನ ಕೆಳಗೆ ಬಸಿದು ಹೋಗಬಹುದು ಅಥವಾ ಹೂ ಬಿಡುವ ಕಾಲದಲ್ಲಿ ನೀರು ನಿಂತು ಬೆಳೆ ಸೊರಗಬಹುದು.

ತೊಂದರೆಯನ್ನು ಪತ್ತೆ ಮಾಡುವ ಕ್ರಮ

ವಿಸ್ತರಣಾ ಕಾರ್ಯಕರ್ತರು ಮತ್ತು ರೈತರು ರಿಪೇರಿಯವರನ್ನು ಕರೆಯುವ ಮೊದಲು ಈ ಕೆಳಗಿನಂತೆ ಪರೀಕ್ಷಿಸಬಹುದು.

1. ಪಂಪ್‌ಮನೆಯ ಬಳಿ ಹೋಗಿ ಮೊಬೈಲನ್ನು ತೋಟದ ವೈಫೈಗೆ ಜೋಡಿಸಿ, ಸೆಟ್ಟಿಂಗಿನಲ್ಲಿ ಮೊಬೈಲಿನ ಐ.ಪಿ. ವಿಳಾಸವನ್ನು ನೋಡಬೇಕು. 192.168 ಅಥವಾ 10 ಎಂದಿದ್ದರೆ ರೂಟರ್ ವಿಳಾಸ ಕೊಡುತ್ತಿದೆ ಎಂದರ್ಥ.

2. ಯಾವುದಾದರೂ ಯಂತ್ರದಲ್ಲಿ 169.254 ಎಂದು ಪ್ರಾರಂಭವಾಗುವ ವಿಳಾಸ ಕಂಡರೆ, ಅದು ಕೇಳಿದಾಗ ಯಾರೂ ವಿಳಾಸ ಕೊಡಲಿಲ್ಲವೆಂದು ತಿಳಿಯಬೇಕು. ಮೊದಲು ರೂಟರನ್ನು, ಅದು ಚಾಲೂ ಆದ ಮೇಲೆ ಯಂತ್ರವನ್ನು ಆರಿಸಿ ಹಾಕಬೇಕು.

3. ಪಂಪ್‌ಮನೆಯಲ್ಲಿ ಕೆಲಸ ಮಾಡಿ ಮನೆಯಲ್ಲಿ ಕೆಲಸ ಮಾಡದಿದ್ದರೆ ಯಂತ್ರ ಸರಿಯಾಗಿದೆ. ಸಿಮ್ಮಿನ ಡೇಟಾ ಮುಗಿದಿದೆಯೇ, ಸಿಗ್ನಲ್ ಇದೆಯೇ ಎಂದು ನೋಡಬೇಕು.

4. ರೂಟರಿನಲ್ಲಿ ಜೋಡಣೆಯಾಗಿರುವ ಯಂತ್ರಗಳ ಪಟ್ಟಿ ಇರುತ್ತದೆ. ಮ್ಯಾಕ್ ಸಂಖ್ಯೆಯಿಂದ ಕ್ಯಾಮೆರಾವನ್ನು ಗುರುತಿಸಿ ಅದರ ಹೊಸ ವಿಳಾಸವನ್ನು ತಿಳಿಯಬಹುದು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಅಂತರಜಾಲ ಇಲ್ಲದಿದ್ದರೂ ಕಂಟ್ರೋಲರ್ ತನ್ನಲ್ಲಿ ನಮೂದಿಸಿದ ವೇಳೆಗೆ ವಾಲ್ವುಗಳನ್ನು ತೆರೆದು ಮುಚ್ಚುತ್ತದೆಯೇ ಎಂದು ಕೇಳಬೇಕು. ಇಲ್ಲವೆಂದರೆ ಅದನ್ನು ಕೊಳ್ಳದಿರುವುದೇ ಲೇಸು.

2. ಆ್ಯಪಿನ ಸೇವೆಗೆ ವಾರ್ಷಿಕ ಶುಲ್ಕವಿದೆಯೇ, ಎಷ್ಟು ವರ್ಷ ಸೇವೆ ಕೊಡುತ್ತಾರೆ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಬೇಕು.

3. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಅಳವಡಿಸಿದ ದಿನವೇ ಬದಲಾಯಿಸಬೇಕು. ರೂಟರಿನ ಪಾಸ್‌ವರ್ಡಿಗೂ ಇದು ಅನ್ವಯಿಸುತ್ತದೆ.

4. ಪ್ರತಿ ಯಂತ್ರದ ಹೆಸರು, ಮ್ಯಾಕ್ ಸಂಖ್ಯೆ, ಕೊಟ್ಟ ವಿಳಾಸ, ಸಿಮ್ಮಿನ ನಂಬರು ಇವುಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದು ಮನೆಯಲ್ಲಿಡಬೇಕು.

5. ರೂಟರ್ ಮತ್ತು ಕಂಟ್ರೋಲರಿಗೆ ಸಣ್ಣ ಬ್ಯಾಟರಿಯ ಆಸರೆ ಒದಗಿಸಬೇಕು. ವಿದ್ಯುತ್ ಹೋದಾಗಲೂ ಅವು ಚಾಲೂ ಇದ್ದರೆ ವಿಳಾಸದ ಗುತ್ತಿಗೆ ಮುರಿಯುವುದಿಲ್ಲ.

6. ಏನೇ ಅನುಕೂಲವಿದ್ದರೂ ಕೈಯಿಂದ ತಿರುಗಿಸಿ ಮುಚ್ಚುವ ಒಂದು ವಾಲ್ವು ಮುಖ್ಯ ಕೊಳವೆಯಲ್ಲಿ ಇರಲೇಬೇಕು.

ಒಟ್ಟಿನಲ್ಲಿ ಐ.ಪಿ. ವಿಳಾಸವೆಂಬುದು ಪೊಟ್ಟಣವನ್ನು ಎಲ್ಲಿಗೆ ಮುಟ್ಟಿಸಬೇಕು ಎಂಬುದನ್ನು ಮಾತ್ರ ಹೇಳುವ, ಗುತ್ತಿಗೆಯ ಮೇಲೆ ಸಿಗುವ ಸಂಖ್ಯೆ. ಅಲ್ಲಿರುವವರು ಯಾರು, ಅವರು ನಂಬಿಕೆಗೆ ಅರ್ಹರೇ ಎಂಬುದನ್ನು ಅದು ಹೇಳಲಾರದು. ವಿಳಾಸ ಬದಲಾಗುತ್ತದೆಂದು ತಿಳಿದು ಅದಕ್ಕೆ ತಕ್ಕ ಏರ್ಪಾಡನ್ನು ಮೊದಲೇ ಮಾಡಿಕೊಂಡರೆ, ತೋಟದ ಯಂತ್ರಗಳಿಂದ ಅವುಗಳಿಗೆ ಹಾಕಿದ ಹಣಕ್ಕೆ ತಕ್ಕ ಪ್ರಯೋಜನವನ್ನು ಪಡೆಯಬಹುದು.